ಕರೆಯಬಾರದ ಹೆಸರು

"ಹಲ್ಲಿನ ಸೆಟ್ ತೆಗಿ ಅಂದೆ ತಾನೇ? ಕಿವೀನೂ ಹೋಯ್ತಾ ನಿಂಗೆ?"

ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ನಿಂದ ಬಂದಿದ್ದ ಸಿನಿಮಾ ನಿರ್ದೇಶಕನ ಸಹಾಯಕಿ ನಿವಿ, ಸುರುಳಿ ಸುತ್ತಿದ ಹಾಳೆಗಳಿಂದ ಸಾಲೊಮಿನೆಯ ಗಲ್ಲ ಎತ್ತಿ ಹಿಡಿದಿದ್ದಳು. ಊರಿನ ಮೀನು ಫ್ಯಾಕ್ಟರಿಯಲ್ಲಿ ದುಡಿಯುವ ಸಾಲೊಮಿನೆಗೆ ಐವತ್ತೊಂಬತ್ತು ವರ್ಷ. ಮಗಳ ವಯಸ್ಸಿನವಳಿಂದ ಹೀಗೆ ಗಲ್ಲ ಎತ್ತಿಸಿಕೊಂಡದ್ದು ಇದೇ ಮೊದಲು. ನೂರೈವತ್ತು ವರ್ಷದ ಹಿಂದಿನ ಮುದುಕಿಯರಿಗೆ ಹಲ್ಲಿನ ಸೆಟ್ ಎಲ್ಲಿತ್ತು ಎಂದು ನಿವಿ ಕೇಳುತ್ತಿದ್ದಳು. ಇದು ದೇಶದ ಮಾನದ ಚಿತ್ರವಂತೆ. ಮುನ್ನೂರು ವರ್ಷ ಡೆನ್ಮಾರ್ಕಿನವರ ಕೈಕೆಳಗಿದ್ದ ಜನ ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುತ್ತಿರುವುದಂತೆ. ಹಾಗಾಗಿ ಎಲ್ಲವೂ ನಿಜವಾಗಿರಬೇಕಂತೆ. ಸಾಲೊಮಿನೆ ಬೆನ್ನು ತಿರುಗಿಸಿ ಸೆಟ್ ಕಳಚಿ ಕರವಸ್ತ್ರದಲ್ಲಿ ಸುತ್ತಿಕೊಂಡಳು. ಮತ್ತೆ ಈ ಕಡೆ ತಿರುಗಿದಾಗ, ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ನಟರಲ್ಲಿ ಒಬ್ಬ ಕಿಸಕ್ಕನೆ ನಕ್ಕ.

"ಈಗ ನೋಡು, ಎಷ್ಟು ಅಸಲಿ ಕಾಣ್ತೀಯ," ಎಂದಳು ನಿವಿ. "ಮೀನು ಫ್ಯಾಕ್ಟರಿ ವಾಸನೆ ಕ್ಯಾಮೆರಾದಲ್ಲಿ ಬರಲ್ಲ, ಅದೇ ಪುಣ್ಯ."

ಗ್ರೀನ್‌ಲ್ಯಾಂಡಿನ ಪಶ್ಚಿಮ ತೀರದವರಿಗೆ ನಮ್ಮ ಪೂರ್ವ ತೀರವೆಂದರೆ ದೇಶದ ಬೆನ್ನು. ಬೆನ್ನಿನ ಮೇಲೆ ಏನಿದೆಯೆಂದು ಯಾರು ನೋಡಿಕೊಳ್ಳುತ್ತಾರೆ? ಬೆನ್ನಿನವರು ಹೊಲಸು, ಕುಡುಕರು, ನಾಯಿಗಳ ಜೊತೆ ಮಲಗುವವರು ಎಂದು ಆಡಿಕೊಂಡೇ ಅವರ ಮೂರು ತಲೆಮಾರು ಕಳೆಯಿತು. ಈಗ ದೇಶಕ್ಕೆ ಒಂದು ಹಳೆಯ ಮುಖ ಬೇಕಾಯಿತು. ನೂಕ್‌ನಲ್ಲಿ ಮುಖಗಳೆಲ್ಲ ಹೊಸದಾಗಿಬಿಟ್ಟಿದ್ದವು. ಮುಖ ಹುಡುಕಿಕೊಂಡು ಬೆನ್ನಿನ ಕಡೆಗೇ ಬಂದರು.

ನಿರ್ದೇಶಕ ಇವಿಕ್ ಮಾತ್ರ ಬಲು ಮೆದು ಮಾತಿನವನು. ಬಾಯಿ ತೆರೆದರೆ ಅಮ್ಮಾ ಎನ್ನುವನು, ಅಪ್ಪಾ ಎನ್ನುವನು. ಡೆನ್ಮಾರ್ಕಿನಿಂದ ಬಂದ ಕ್ಯಾಮೆರಾದವನ ಜೊತೆ ಡೆನ್ಮಾರ್ಕಿನ ಭಾಷೆಯಲ್ಲೇ ನಗುವನು. ನೀವು ಕ್ಯಾಮೆರಾ ಮುಂದೆ ಮಾತಾಡುವುದು ಬೇಡ, ನಿಮ್ಮ ಮಾತು ನೂಕ್‌ನಲ್ಲಿ ಯಾರಿಗೂ ತಿಳಿಯುವುದಿಲ್ಲ, ನೋಡಿದರೆ ಸಾಕು, ಅತ್ತರೆ ಸಾಕು ಎಂದು ಮೊದಲ ದಿನವೇ ಊರಿನವರಿಗೆ ನಗುನಗುತ್ತ ಹೇಳಿದ್ದ. ಸ್ವಂತ ಭಾಷೆಯ ಚಿತ್ರದಲ್ಲಿ ಊರಿಗೆ ಊರೇ ಮೂಗರಾಗಿ ನಿಂತಿತು.

ಮೇ ತಿಂಗಳಲ್ಲಿ ಇದೇ ಇವಿಕ್ ಹೆಪ್ಪುಗಟ್ಟಿದ್ದ ಇದೇ ಕೊಲ್ಲಿಯ ಮೇಲೆ ನಾಯಿಬಂಡಿಯ ಓಟ ತೆಗೆಸಿದ್ದ. ನಾಯಕನ ಪಾತ್ರದ ನಟ ನಾಯಿ ಕಂಡರೇ ಹೆದರುತ್ತಿದ್ದ. ಹಾಗಾಗಿ ಅವನ ಉಡುಪು ತೊಟ್ಟು ದೂರದಿಂದ ಅವನಂತೆ ಕಾಣುವ ಕೆಲಸ ಸಾಲೊಮಿನೆಯ ಮಗನಿಗೆ ಬಂತು. ಅಂಚಿನ ಮಂಜುಗಡ್ಡೆ ಕೊಳೆತಿದೆ, ಇವತ್ತು ಬೇಡ ಎಂದು ಮಗ ಹೇಳಿದ. ಆದರೆ ಕ್ಯಾಮೆರಾಗೆ ಬೇಕಾದ ಸೂರ್ಯ ಇಳಿಯುತ್ತಿದ್ದದ್ದು ಸರಿಯಾಗಿ ಅಲ್ಲಿಯೇ. ಎಲ್ಲರೆದುರು ಇವಿಕ್ ಕೇಳಿದ, "ನಿಮ್ಮಜ್ಜ ಹೀಗೇ ಹೆದರಿ ಮನೇಲಿ ಕೂರ್ತಿದ್ನಾ?" ಇಪ್ಪತ್ತಾರರ ಹುಡುಗ, ಹೋದ. ಗಡ್ಡೆ ಬಾಯಿಬಿಟ್ಟಿತು. ಚಾಕುವಿನಿಂದ ಹಗ್ಗ ಕೊಯ್ದು ನಾಲ್ಕು ನಾಯಿಗಳನ್ನು ಬಿಡಿಸಿದ್ದ, ಅಷ್ಟರಲ್ಲಿ ಅವನ ಹೊತ್ತು ಮುಗಿದಿತ್ತು. ಅದೆಲ್ಲವನ್ನೂ ಕ್ಯಾಮೆರಾ ಹಿಡಿದಿದೆ ಎಂಬುದು ಊರಿಗೆ ಗೊತ್ತು. ಪಟ್ಟಣದಿಂದ ಬಂದ ಪೊಲೀಸಿನವನು ಆಕಸ್ಮಿಕ ಎಂದು ಬರೆದುಕೊಂಡು ಕಾಫಿ ಕುಡಿದು ಹೋದ. ನೂಕ್‌ನಿಂದ ಪ್ಲಾಸ್ಟಿಕ್ ಹೂವಿನ ದೊಡ್ಡ ಹಾರ ಬಂತು, ಅದರ ಜೊತೆ ಸುದ್ದಿಯೂ ಬಂತು. ಚಿತ್ರಕ್ಕೂ ಅದರ ನಾಯಕನಿಗೂ ಸತ್ತವನ ಹೆಸರನ್ನೇ ಇಡುತ್ತಾರಂತೆ.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮಲ್ಲಿ ಸತ್ತವನ ಹೆಸರನ್ನು ಹೊಸದೊಂದು ಮಗು ಹೊತ್ತುಕೊಳ್ಳುವ ತನಕ ಯಾರೂ ಎತ್ತುವುದಿಲ್ಲ. ಗುಡ್ಡದ ಮೇಲಿನ ಬಿಳಿ ಶಿಲುಬೆಗಳಲ್ಲಿ ಒಂದರ ಮೇಲೂ ಅಕ್ಷರವಿಲ್ಲ. ಇದು ಮೂಢನಂಬಿಕೆ ಎಂದು ಭಾನುವಾರ ಬೋಧಿಸುವ ಪಾದ್ರಿ ತನ್ನ ಹೆಂಡತಿಯ ಶಿಲುಬೆಯನ್ನೂ ಬರಿದಾಗಿಯೇ ಬಿಟ್ಟಿದ್ದಾನೆ. ಹೆಸರು ಸಾಯುವುದಿಲ್ಲ, ದಾರಿಯಲ್ಲಿರುತ್ತದೆ. ಹೊರಗಿನವರು ಎಷ್ಟು ಕರೆದರೂ ಅದಕ್ಕೆ ಕೇಳಿಸದು. ಹೆತ್ತವಳು ಕರೆದರೆ? ತಾಯಿ ಕರೆದರೆ ತಿರುಗಿ ಬಾರದ ಮಗನುಂಟೇ? ಬಂದರೆ ಸೇರಿಕೊಳ್ಳಲು ಮೈಯಿಲ್ಲ, ಮುಂದೆ ಹೋಗಲು ದಾರಿ ತಪ್ಪಿರುತ್ತದೆ. ಮಗು ಬರಿಗೈಯಲ್ಲಿ ಹುಟ್ಟುತ್ತದೆ.

ಸಾಲೊಮಿನೆಯ ಸೊಸೆ ಹೆಂದ್ರೀನೆ ತುಂಬು ಬಸುರಿ. ಹತ್ತು ದಿನದ ಹಿಂದೆ ಹೆಲಿಕಾಪ್ಟರಿನಲ್ಲಿ ಪಟ್ಟಣದ ಆಸ್ಪತ್ರೆಗೆ ಹೋಗಿದ್ದಳು. ಈ ಮೂರು ತಿಂಗಳು ಸಾಲೊಮಿನೆ ಬದುಕಿದ್ದು ಆ ಮಗುವಿಗಾಗಿ. ಅಳಲು ಬಾಯಿ ತೆರೆದರೆ ಹೆಸರೇ ಮೊದಲು ಬರುತ್ತದೆಂದು ಅತ್ತಿರಲೇ ಇಲ್ಲ. ಕನಸಿನಲ್ಲಿ ಬಂದೀತೆಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳು.

ಆಗಸ್ಟಿನಲ್ಲಿ ಚಿತ್ರದವರು ಮತ್ತೆ ಬಂದಿಳಿದರು. ಒಂದೇ ಒಂದು ದೃಶ್ಯ ಉಳಿದಿತ್ತು: ದಡಕ್ಕೆ ತಂದ ಹೆಣದ ಮೇಲೆ ಬಿದ್ದು ತಾಯಿ ಮಗನ ಹೆಸರನ್ನು ಮೂರು ಸಲ ಕೂಗಬೇಕು. ನಟಿ ಬೇಡ, ಹೆತ್ತವಳೇ ಬೇಕು ಎಂದ ಇವಿಕ್.

ಅವಳು ಬೇಡಿಕೊಂಡಳು. "ನೋಡಪ್ಪಾ, ಒಂದ್ ತಿಂಗ್ಳು ತಡಿ. ಮಗೀಗೆ ಹೆಸ್ರಿಟ್ ಮ್ಯಾಕೆ ನಿಂಗೆ ಸಾಕನ್ನೋಗಂಟ ಕೂಗ್ತೀನಿ."

"ಹಡಗು ನಾಡಿದ್ದು ಹೊರಡುತ್ತೆ ಅಮ್ಮಾ. ಅದೂ ಅಲ್ದೆ ತಿಂಗಳು ಬಿಟ್ರೆ ನಿನ್ನ ದುಃಖ ಆರಿಹೋಗುತ್ತೆ. ಕ್ಯಾಮೆರಾಗೆ ಹಸಿ ದುಃಖಾನೇ ಬೇಕು."

ಬೇರೆ ಯಾವುದಾದರೂ ಹೆಸರು ಕೂಗಲೇ ಎಂದು ಕೇಳಿದಳು. ಅವನು ಅವಳ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರೂ ಇತ್ತು, ಅದೇ ಅಸಹ್ಯ. "ನಾಳೆ ದೇಶಕ್ಕೆ ದೇಶಾನೇ ನಿನ್ನ ಮಗನ ಹೆಸರು ಕೂಗುತ್ತೆ. ಹೆತ್ತವಳು ನೀನೊಬ್ಬಳು ಕೂಗಲ್ವಾ?"

ಸಂಜೆ ಊರಿನ ಮುಖಂಡ ಬೋವಾಸ್ ಮನೆಗೆ ಬಂದ. ಚಿತ್ರದವರಿಗೆ ದೋಣಿ, ನಾಯಿ, ಜನ ಎಲ್ಲವನ್ನೂ ಒದಗಿಸಿದವನು ಅವನೇ. ಸಾಲೊಮಿನೆ ಕಾಫಿ ಕೊಟ್ಟಳು, ಒಣಮೀನು ಮುಂದಿಟ್ಟಳು. ಅವನು ಮೀನು ಮುಟ್ಟಲಿಲ್ಲ.

"ಮೂರೇ ಮೂರ್ ಸಲ ಕಣಕ್ಕ. ಕೂಗ್ಬಿಡು, ಮುಗೀತೈತೆ."

ಅವಳು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಳು.

"ಸರ್ಕಾರ ಮುಚ್ಚೋ ಊರುಗಳ ಪಟ್ಟೀಲಿ ನಮ್ದೂ ಐತೆ. ಮಂತ್ರಿ ನೋಡೋ ಪಿಚ್ಚರ್ ಇದು. ಸ್ಕೂಲು, ಅಂಗ್ಡಿ, ಫ್ಯಾಕ್ಟ್ರಿ ಉಳೀಬೇಕಾ ಬ್ಯಾಡ್ವಾ? ನಲ್ವತ್ ಮನೆ ನಿನ್ ಬಾಯಾಗೈತೆ."

"ನಿನ್ ಬಾಯಾಗೇನೈತೆ ಬೋವಾಸಾ?" ಎಂದಳು ಸಾಲೊಮಿನೆ. "ಆ ಹಲ್ಕಾ ನನ್ಮಗನ ಎಂಜ್ಲಾ?"

ಅವನು ಬಾಗಿಲವರೆಗೆ ಹೋಗಿ ನಿಂತ. ಚಿತ್ರದವರ ಕಾಗದಕ್ಕೆ ಸಹಿ ಹಾಕಿದ್ದೀಯಲ್ಲ, ಈಗ ಆಗಲ್ಲ ಅಂದರೆ ಊರಿನ ಮರ್ಯಾದೆ ಹೋಗುತ್ತೆ ಎಂದು ಗೋಡೆಗೆ ಹೇಳಿ ಹೊರಟುಹೋದ. ಅವನು ಕೆಟ್ಟವನಲ್ಲ, ಸೋತವನು. ಸಾಲೊಮಿನೆ ಲೋಟ ತೊಳೆದಿಟ್ಟಳು. ಜಗಳಕ್ಕೂ ಒಂದಿಷ್ಟು ಕಸುವು ಬೇಕು. ಅವಳಲ್ಲಿ ಅದೂ ಇರಲಿಲ್ಲ, ದಣಿವು ಎಲುಬಿಗೇ ಇಳಿದಿತ್ತು. ಬೆಳಿಗ್ಗೆ ಎದ್ದು ಕರೆದ ಕಡೆಗೆ ನಡೆದಳು, ಹಲ್ಲು ಬಿಚ್ಚೆಂದರೆ ಬಿಚ್ಚಿದಳು.

ಮಧ್ಯಾಹ್ನಕ್ಕೆ ಮಂಜು ಸರಿಯಿತು. ಊರಿನ ಇಪ್ಪತ್ತು ಜನರಿಗೆ ಚರ್ಮದ ಉಡುಪು ತೊಡಿಸಿ ದಡದಲ್ಲಿ ನಿಲ್ಲಿಸಿದ್ದರು. ಬಂಡೆಯ ಮೇಲೆ ಹುಲ್ಲು ತುಂಬಿದ ಹೆಣದ ಗೊಂಬೆ ಇತ್ತು. ಮೈ ಮುಚ್ಚಿತ್ತು, ಕಾಲು ಮಾತ್ರ ಹೊರಗೆ. ಹೆಂಗಸರು ಈಗಲೇ ಕಿವಿಯ ಮೇಲೆ ಕೈಯಿಟ್ಟುಕೊಂಡಿದ್ದರು. ದುಃಖಕ್ಕೆ ಹೀಗೆ ಮಾಡುತ್ತಾರೇನೋ ಎಂದುಕೊಂಡು ಕ್ಯಾಮೆರಾದವನು ಅದನ್ನೂ ಹಿಡಿದುಕೊಂಡ.

ಸಾಲೊಮಿನೆ ಗೊಂಬೆಯ ಕಾಲ ಬಳಿ ಮೊಣಕಾಲೂರಿದಳು. ಆಗ ಬೂಟು ಕಂಡಿತು. ಸೀಲ್ ಚರ್ಮದ ಬೂಟು, ಎಡ ಹಿಮ್ಮಡಿಯ ಹತ್ತಿರ ಎರಡು ಸಾಲು ಹೊಲಿಗೆ. ಮಗ ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದ. ಅಲ್ಲಿ ಬೇಗ ಸವೆಯುತ್ತದೆಂದು ಅವಳೇ ಎರಡು ಸಾಲು ಹಾಕುತ್ತಿದ್ದಳು. ಆ ದಿನ ನಟನ ಉಡುಪು ತೊಡಲು ಅವನು ಕಳಚಿಟ್ಟ ಬೂಟು ಇವು. ಮೂರು ತಿಂಗಳು ಉಡುಪಿನ ಪೆಟ್ಟಿಗೆಯಲ್ಲಿದ್ದವು, ಮನೆಗೆ ಕೊಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

"ಅಸಲಿ ಬೂಟು ಅಮ್ಮಾ," ಎಂದ ಇವಿಕ್ ಕ್ಯಾಮೆರಾದ ಪಕ್ಕದಿಂದ ಮೆಲ್ಲಗೆ. "ನಿನಗೆ ಸಹಾಯ ಆಗ್ಲಿ ಅಂತ ಹಾಕಿಸಿದೆ. ಕೂಗು."

ಅವಳು ಹಿಮ್ಮಡಿ ಸವರಿದಳು. ಮಗನ ಹೆಸರು ಹೊಟ್ಟೆಯಿಂದ ಎದ್ದು ಕೊರಳಿಗೆ ಬಂತು, ನಾಲಗೆಯ ಬುಡದಲ್ಲಿ ಕೂತಿತು. ಇನ್ನೊಂದು ಉಸಿರಿಗೆ ಹೊರಗೆ ಬೀಳುತ್ತಿತ್ತು. ಅವಳು ಅದನ್ನು ನುಂಗಿದಳು. ತಲೆಯೆತ್ತಿ ಕ್ಯಾಮೆರಾದ ಪಕ್ಕದಲ್ಲಿದ್ದವನ ಮುಖವನ್ನು ಒಮ್ಮೆ ಸರಿಯಾಗಿ ನೋಡಿದಳು. ಆಮೇಲೆ ಗೊಂಬೆಯ ಎದೆಯ ಮೇಲೆ ಬಿದ್ದು ಕೂಗಿದಳು.

"ಇವಿಕ್! ಅಯ್ಯೋ ನನ್ನಪ್ಪಾ, ಇವಿಕ್! ಎಳೇ ವಯಸ್ನಾಗೇ ಹೊಂಟೋದ್ಯಲ್ಲೋ ಇವಿಕ್!"

ಮೂರು ತಿಂಗಳ ಅಳು ಅದು. ಮಗನಿಗೆಂದು ಕಟ್ಟಿಟ್ಟದ್ದು ಕೊನೆಗೂ ಬಾಯಿ ಸಿಕ್ಕಿದಂತೆ ಸುರಿಯಿತು, ಹೆಸರೊಂದು ಬೇರೆ. ಹೆಂಗಸರು ಕಿವಿಯ ಮೇಲಿನ ಕೈ ತೆಗೆದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಣದ ಮೇಲೆ ಬಿದ್ದು ತಾಯಿ ಯಾರ ಹೆಸರೆತ್ತಿ ಅತ್ತಳೋ, ಊರಿನ ಪಾಲಿಗೆ ಸತ್ತವನು ಅವನೇ. ಮುದಿ ಥೊಬಿಯಾಸ್ ಟೊಪ್ಪಿಗೆ ತೆಗೆದ. ಹೆಂಗಸರು ದನಿಗೂಡಿಸಿದರು. ಇನ್ನು ಆ ಹೆಸರನ್ನು ಊರಿನಲ್ಲಿ ಯಾರೂ ಎತ್ತುವಂತಿಲ್ಲ. ಇಲ್ಲಿಂದ ಮುಂದೆ ನಾನೂ ಎತ್ತುವುದಿಲ್ಲ.

ಭಾಷೆ ತಿಳಿಯದ, ಅಳುವಿನಲ್ಲಿ ಹೆಸರನ್ನೂ ಗುರುತಿಸದ ಕ್ಯಾಮೆರಾದವನು ಕಣ್ಣೊರೆಸಿಕೊಂಡು ಹೆಬ್ಬೆರಳು ಎತ್ತಿ ತೋರಿಸಿದ. ನಿವಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹೆಸರು ಕಳೆದುಕೊಂಡ ಆ ಮನುಷ್ಯ ನಕ್ಕ. ತಮಾಷೆ ಸಾಕಮ್ಮಾ, ಇನ್ನೊಂದು ಸಲ ಸರಿಯಾಗಿ ಮಾಡೋಣ, ಬೆಳಕು ಹೋಗುತ್ತೆ ಎಂದ. ಸಾಲೊಮಿನೆ ಗೊಂಬೆಯ ಕಾಲಿನಿಂದ ಬೂಟು ಬಿಚ್ಚಿದಳು. ಕಂಕುಳಲ್ಲಿ ಇಟ್ಟುಕೊಂಡು, ಅಲ್ಲಿ ಯಾರೂ ನಿಂತೇ ಇಲ್ಲವೆಂಬಂತೆ ಅವನನ್ನು ದಾಟಿ ಮನೆಯ ದಾರಿ ಹಿಡಿದಳು.

ಥೊಬಿಯಾಸ್ ದಡದಿಂದ ಒಂದು ಕಲ್ಲು ತಂದು ಗೊಂಬೆಯ ಮೇಲಿಟ್ಟ. ಅವನ ಹಿಂದೆ ಇನ್ನೊಬ್ಬ, ಇನ್ನೊಬ್ಬಳು. ನಮ್ಮ ಹಿರಿಯರನ್ನು ಹೂಳುತ್ತಿದ್ದದ್ದು ಹಾಗೆಯೇ, ಮಣ್ಣಿಲ್ಲದ ನೆಲದಲ್ಲಿ ಕಲ್ಲು ಒಟ್ಟಿ. ಯಾರೂ ಅವಸರ ಮಾಡಲಿಲ್ಲ. ಕಲ್ಲಿಟ್ಟವರು ಕೈ ಕೊಡವಿಕೊಂಡು ಒಬ್ಬೊಬ್ಬರಾಗಿ ಊರಿನ ಕಡೆ ಹೋದರು. ಆ ಮನುಷ್ಯ ಅಡ್ಡ ನಿಂತ, ಒಬ್ಬೊಬ್ಬರ ಹೆಸರು ಹಿಡಿದು ಕರೆದ, ಅವರು ಸಹಿ ಹಾಕಿದ ಕಾಗದ ಎತ್ತಿ ತೋರಿಸಿದ. ದಾರಿಯಲ್ಲಿ ಬಂಡೆಯಿದ್ದರೆ ಹೇಗೆ ಬಳಸಿ ಹೋಗುತ್ತಾರೋ ಹಾಗೆ ಬಳಸಿ ಹೋದರು.

ಕೊನೆಗೆ ದಡದಲ್ಲಿ ಊರಿನವನೆಂದು ಉಳಿದದ್ದು ಬೋವಾಸ್ ಒಬ್ಬನೇ. ಅವನು ಉಡುಪು ತೊಟ್ಟಿರಲಿಲ್ಲ, ಬೆಳಗಿನಿಂದಲೂ ಚಿತ್ರದವರ ಪಕ್ಕದಲ್ಲೇ ನಿಂತಿದ್ದ. ಆ ಮನುಷ್ಯ ಓಡಿಬಂದು ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿದ.

"ಬೋವಾಸ್, ನೀನಾದ್ರೂ ಹೇಳು ಅವರಿಗೆ. ಮಂತ್ರಿಗೆ ನಾನೇನು ಹೇಳ್ಲಿ? ಬೋವಾಸ್, ಇಲ್ಲಿ ನೋಡು, ನಾನು ಇಲ್ಲೇ ಇದ್ದೀನಿ."

ಬೋವಾಸ್ ಊರಿನ ಕಡೆ ನೋಡಿದ, ಶಾಲೆಯ ಮಾಡು, ಅಂಗಡಿಯ ಮಾಡು, ಹೊಗೆಯಾಡುವ ಫ್ಯಾಕ್ಟರಿ. ಆಮೇಲೆ ಬಗ್ಗಿದ. ಆ ಮನುಷ್ಯನ ಕಾಲ ಬಳಿಯೇ ಬಿದ್ದಿದ್ದ ಕಲ್ಲೊಂದನ್ನು ಎತ್ತಿಕೊಂಡು, ರಾಶಿಯ ಮೇಲಿಟ್ಟು, ಮನೆಗೆ ನಡೆದ.