ಫೋಟೋ ತಲುಪಿದೆ

"ಎಮ್ಮೆ ಮೇವು ಬಿಟ್ರೆ ಅವತ್ತೇ ದನದಾಸ್ಪತ್ರೆಗೆ ಓಡ್ತೀರ. ಹೆತ್ತಮ್ಮನ ಕಾಲು ಕೊಳೀತಿದ್ರೆ ಮನೇಲಿ ಕೂತ್ಕೊಂಡ್ ನೋಡ್ತಿದ್ಯಾ? ಬುದ್ಧಿ ಉಂದಾ ನೀಕು?"

ಬುದ್ಧಿ ಇದೆಯಾ ನಿನಗೆ ಎಂದು ಕೊನೆಗೆ ತೆಲುಗಿನಲ್ಲೇ ಗದರಿ ಡಾಕ್ಟರ್ ಲಕ್ಷ್ಮೀಕಾಂತ್ ಕೈಗವಸು ಕಿತ್ತು ಬುಟ್ಟಿಗೆ ಎಸೆದರು. ಡ್ರೆಸಿಂಗ್ ರೂಮಿನ ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದವರೆಲ್ಲ ಕತ್ತು ಚಾಚಿ ಗಂಗಾಧರನನ್ನು ನೋಡಿದರು. ಒಬ್ಬಾಕೆ ಲೊಚಗುಟ್ಟಿದಳು. ಮಂಚದ ಮೇಲಿದ್ದ ಅವನವ್ವ ಉಡುಸಲಮ್ಮ, ಬೈಸಿಕೊಂಡದ್ದು ತಾನೇ ಎನ್ನುವಂತೆ ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದಳು. ಅವಳ ಎಡಗಾಲಿನ ಬೆರಳುಗಳು ಸುಟ್ಟ ಬದನೆಕಾಯಿಯ ಹಾಗೆ ಕಪ್ಪಗಾಗಿದ್ದವು.

"ಬೈಲಿ ಬುಡಪ್ಪ," ಅಂದಳು ಗೋಡೆಗೇ. "ಕಾಲು ನೋಡ್ತಾರಲ್ಲ."

ಗಂಗಾಧರನ ಮೈಯೆಲ್ಲ ಉರಿಯುತ್ತಿತ್ತು. ಕಲ್ಯಾಣದುರ್ಗದ ತನ್ನ ಆಟೋ ಸ್ಟ್ಯಾಂಡಿನಲ್ಲಿ ಇದರ ಅರ್ಧ ಮಾತು ಯಾರಾದರೂ ಆಡಿದ್ದರೆ ಅವನ ಹಲ್ಲು ಉಳಿಯುತ್ತಿರಲಿಲ್ಲ. ಆದರೆ ಇದು ಹಿಂದೂಪುರದ ಆಸ್ಪತ್ರೆ. ಅವ್ವನ ಕಾಲು ಕೊಯ್ಯುವುದೂ ಉಳಿಸುವುದೂ ಈ ಮನುಷ್ಯನ ಕೈಯಲ್ಲೇ ಇತ್ತು. ಈ ಕೈಗೆ ಏಟು ಕೊಟ್ಟು ಆಮೇಲೆ ಯಾರ ಬಾಗಿಲಿಗೆ ಹೋಗುವುದು?

ಅವನೇನು ಸುಮ್ಮನೆ ಕೂತಿರಲಿಲ್ಲ. ಸ್ಟ್ಯಾಂಡಿನಲ್ಲಿ ಎಲ್ಲರ ಫೋನಿನಲ್ಲೂ ಈ ಡಾಕ್ಟರೇ. ಸಕ್ಕರೆ ಕಾಯಿಲೆಯವರ ಕಾಲಿಗೆ ಇವರನ್ನು ಬಿಟ್ಟರಿಲ್ಲ ಅನ್ನುತ್ತಿದ್ದರು. ಸಣ್ಣ ಗಾಯವೆಂದು ಅಸಡ್ಡೆ ಮಾಡಬೇಡಿ, ಅನುಮಾನ ಬಂದರೆ ನನಗೊಂದು ಫೋಟೋ ಕಳಿಸಿ ಎಂದು ಪ್ರತಿ ವಿಡಿಯೋದಲ್ಲೂ ನಗುನಗುತ್ತ ಹೇಳುತ್ತಿದ್ದರು, ಮನೆಯ ಜಗಲಿ ಮೇಲೆ ಕೂತು ಮಾತಾಡಿದ ಹಾಗೆ. ಅವ್ವನ ಬೆರಳಿನ ಸಂದಿಯಲ್ಲಿ ಗುಳ್ಳೆ ಒಡೆದಾಗ ಗಂಗಾಧರ ಫೋಟೋ ಕಳಿಸಿದ. ಫೋನು ಜೇಬಿಗೆ ಹೋಗುವ ಮುಂಚೆಯೇ ಉತ್ತರ ಬಂತು. ನಿಮ್ಮ ಫೋಟೋ ತಲುಪಿದೆ, ಡಾಕ್ಟರ್ ನೋಡಿ ತಿಳಿಸುತ್ತಾರೆ.

ಅವನಿಗೆ ಅದು ಟೋಕನ್ ಸಿಕ್ಕ ಹಾಗೆ. ಟೋಕನ್ ಹಿಡಿದವನು ಎದ್ದು ಹೋದರೆ ಸರದಿ ತಪ್ಪುತ್ತದೆ. ಆಸ್ಪತ್ರೆ ಮೆಟ್ಟಿಲು ಹತ್ತಿದ ಯಾರಿಗಾದರೂ ಇದು ಗೊತ್ತು. ಕಲ್ಯಾಣದುರ್ಗದಲ್ಲೇ ಒಂದ್ಸಲ ತೋರಿಸಿಕೊಂಡು ಬರೋಣವೇ ಎಂದು ಅವ್ವ ಕೇಳಿದ್ದಳು. "ದೊಡ್ಡ ಡಾಕ್ಟ್ರೇ ನೋಡ್ತಾವ್ರೆ ಕಣವ್ವ, ಸುಮ್ಕಿರು," ಎಂದು ತಡೆದವನು ಅವನೇ. ಕಾಲು ಊದಿದಾಗ ಇನ್ನೊಂದು ಫೋಟೋ, ಅದೇ ಉತ್ತರ. ಬೆರಳು ಕಪ್ಪಾದ ದಿನವೂ ಅದೇ. ಆಮೇಲೆ ತಡೆಯಲಾಗದೆ ಅವ್ವನನ್ನು ಎತ್ತಿಕೊಂಡು ಬಸ್ಸು ಹತ್ತಿದ್ದ.

ಈಗ ಫೋನು ತೆಗೆದು ಡಾಕ್ಟರ ಮುಖದ ಮುಂದೆ ಹಿಡಿದ. "ನಿಮ್ಗೇ ಕಳ್ಸಿದ್ದು ಸಾರ್. ನೀವು ನೋಡ್ತೀರ ಅಂತ್ಲೇ ಕಾಯ್ಕಂಡು ಕುಂತಿದ್ದು."

ಡಾಕ್ಟರು ಕನ್ನಡಕ ಏರಿಸಿಕೊಂಡು ಮೂರೂ ಫೋಟೋ ನೋಡಿದರು. ಮೊದಲನೆಯದರ ಮೇಲೆ ಕಣ್ಣು ಬಹಳ ಹೊತ್ತು ನಿಂತಿತು. ಆಗ ಬಂದಿದ್ದರೆ ಬರೀ ಮಾತ್ರೆಯಲ್ಲಿ ಹೋಗುತ್ತಿತ್ತು ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಇದು ನಾನಲ್ಲಪ್ಪ," ಅಂದರು. ದನಿ ತಗ್ಗಿತ್ತು. "ಅದು ತಂತಾನೇ ಹೋಗೋ ಮೆಸೇಜು. ಅಷ್ಟೊಂದು ಬಂದ್ರೆ ನಾನೊಬ್ಬ ಹೆಂಗ್ ನೋಡ್ಲಿ? ಕಾಲನ್ನ ಮುಟ್ಟಿ ನೋಡ್ಬೇಕು, ಫೋನಲ್ಲಾಗುತ್ತಾ?"

"ಮತ್ತೆ ಕಳ್ಸಿ ಅಂತ ಯಾಕಂದ್ರಿ?"

"ಹಂಗಂದ್ರೆ ಜನ ಧೈರ್ಯ ಮಾಡಿ ಬರ್ತಾರೆ ಅಂತ."

ಅದಾದ ಮೇಲೆ ಅವರು ಚುರುಕಾದರು. ಪಾದದ ಮುಂದಿನ ಅರ್ಧ ತೆಗೆಯಬೇಕು, ಇವತ್ತೇ. ನಾಳೆಗೆ ಬಿಟ್ಟರೆ ಮೊಣಕಾಲಿನ ತನಕ ಹೋಗುತ್ತದೆ ಎಂದರು. ಥಿಯೇಟರಿಗೆ ಅವರೇ ಫೋನು ಮಾಡಿದರು. ವಾರ್ಡಿನವರು ಉಡುಸಲಮ್ಮನನ್ನು ಸ್ಟ್ರೆಚರಿಗೆ ಮಲಗಿಸಿ ಲಿಫ್ಟಿನ ಕಡೆ ತಳ್ಳಿಕೊಂಡು ಹೋದರು. ಹಿಂದೆ ಹೋಗಬೇಕೆಂದಿದ್ದ ಗಂಗಾಧರನ ಭುಜದ ಮೇಲೆ ಡಾಕ್ಟರು ಕೈಯಿಟ್ಟರು.

ಅವರ ವಿಡಿಯೋ ತೆಗೆಯುವ ಶಿರೀಷಾ ಎಂಬ ಹುಡುಗಿ ಬಂದು ನಿಂತಿದ್ದಳು. ಏನು ಎತ್ತ ಎನ್ನುವುದರೊಳಗೆ ಅವನ ಅಂಗಿಯ ಗುಂಡಿಯ ಹತ್ತಿರ ಹೆಬ್ಬೆರಳಿನಷ್ಟು ಮೈಕು ಸಿಕ್ಕಿಸಿದಳು.

"ನಾನು ಹೇಳಿದ್ರೆ ಜನ ಕೇಳಲ್ಲ," ಅಂದರು ಡಾಕ್ಟರು. "ನಿನ್ನಂಥವನು ಹೇಳಿದ್ರೆ ಕೇಳ್ತಾರೆ. ತಡ ಮಾಡ್ಬಿಟ್ಟೆ, ನೀವ್ಯಾರೂ ಹಿಂಗ್ ಮಾಡ್ಬೇಡಿ ಅನ್ನು, ಸಾಕು. ಎಷ್ಟು ಕಾಲು ಉಳೀತವೆ ಗೊತ್ತಾ?" ಕೊಂಚ ತಡೆದು ಸೇರಿಸಿದರು, "ಆ ಮೆಸೇಜಿನ ವಿಷ್ಯ ಬೇಡ. ಜನಕ್ಕೆ ಗಲಿಬಿಲಿ ಆಗುತ್ತೆ."

ಫೋನು ಎತ್ತಿ ಹಿಡಿದ ಶಿರೀಷಾ, "ಚೆಪ್ಪಂಡಿ ಅನ್ನಾ, ಹೇಳಿ," ಅಂದಳು. ಅವಳು ಅವನ ಕಣ್ಣು ನೋಡಲಿಲ್ಲ.

ಡಾಕ್ಟರ ಮುಖಕ್ಕೆ ಆಗಲೇ ವಿಡಿಯೋದ ನಗು ಬಂದಿತ್ತು. ಗಂಗಾಧರ ಒಮ್ಮೆ ಅಂಗಿಯ ಮೇಲಿನ ಮೈಕನ್ನು ನೋಡಿಕೊಂಡ. ಲಿಫ್ಟಿನ ಬಾಗಿಲು ತೆರೆದ ಸದ್ದಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಇದೇ ಮನುಷ್ಯ ಮೇಲೆ ಹೋಗಿ ಕತ್ತಿ ಹಿಡಿಯಬೇಕು.

ಅವನು ಲಿಫ್ಟಿನ ಕಡೆ ತಿರುಗಿ ಹೊರಟ. ಬೆಂಚಿನವರು ಕಾಲು ಮಡಚಿ ದಾರಿ ಬಿಟ್ಟರು. "ಏನಯ್ಯಾ, ನಿನ್ನನ್ನೇ," ಎಂದು ಡಾಕ್ಟರು ಹಿಂದಿನಿಂದ ಕರೆದದ್ದು ಕೇಳಿಸಿತು. ಅವನು ನಡೆಯುತ್ತಲೇ ಹೋದ. ಅಂಗಿಯ ಗುಂಡಿಯ ಹತ್ತಿರ ಮೈಕಿನ ಹಸಿರು ದೀಪ ಮಿಣುಕುತ್ತಿತ್ತು, ಉಸಿರಿಗೆ ಏರುತ್ತ, ಇಳಿಯುತ್ತ.