ಘಕಾರ ಹುಡುಕಿ ಹೊರಟವಳು

ಭೂಮಿಕ ಅಕ್ಷರವನ್ನು ನೋಡುತ್ತಿದ್ದಳೇ ಹೊರತು ಓದುತ್ತಿರಲಿಲ್ಲ. ಅರೆಬರೆ ಕಲಿತ ನಮ್ಮಂಥವರು ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿ ಅಲುಗಿಸಿ, ಏನು ಬರೆದಿದೆಯೆಂದು ತಿಳಿದ ಮೇಲೆಯೇ ಮುಂದಕ್ಕೆ ಹೆಜ್ಜೆ ಇಡುತ್ತೇವೆ. ಅವಳಿಗೆ ಆ ದಾರಿದ್ರ್ಯವಿರಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಅಕ್ಷರಗಳ ಆಕಾರವನ್ನೇ ವಿದ್ಯೆಯಾಗಿ ಕಲಿಯುತ್ತಿದ್ದ ಹುಡುಗಿ ಅವಳು. ನಾಗಮಂಗಲದ ಬಸ್ ನಿಲ್ದಾಣದಲ್ಲಿ ಬಸ್ಸಿನ ಹಣೆಯ ಮೇಲಿನ ಬರಹದಲ್ಲಿ ದೀರ್ಘದ ಬಾಲ ಎಷ್ಟು ಚೆನ್ನಾಗಿ ಎಳೆದಿದ್ದಾರೆಂದು ನೋಡುತ್ತ ನಿಂತು, ಆ ಬಸ್ಸು ಹೊರಟುಹೋದ ಮೇಲೆ ಅದರ ಧೂಳಿನಲ್ಲಿಯೇ ‘ಕೆ.ಆರ್.ಪೇಟೆ ಬಸ್ಸು ಎಷ್ಟೊತ್ತಿಗಣ್ಣ?’ ಎಂದು ಕೇಳಿದವಳು.

ನಡೆಯುವಾಗ ಕಾಲು ಒಂದು ಕಡೆ, ಕತ್ತು ಇನ್ನೊಂದು ಕಡೆ. ಮೈಮೇಲೆ ಯಾವಾಗಲೂ ಅಪ್ಪ ಶ್ರೀನಿವಾಸನ ಹಳೆಯ ಖಾಕಿ ಅಂಗಿ. ಶ್ರೀನಿವಾಸ ಗೇಟು, ಕಿಟಕಿ ಬೆಸೆಯುವ ವೆಲ್ಡಿಂಗ್ ಕೆಲಸದವನಾದ್ದರಿಂದ ಆ ಅಂಗಿಯ ಎದೆಯ ತುಂಬ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ತೂತುಗಳು. ಅದರ ಎರಡು ಜೇಬುಗಳಲ್ಲಿ ಅವಳ ಪೆನ್ಸಿಲ್ಲುಗಳು, ಮಡಿಸಿದ ತೆಳು ಕಾಗದ. ಮಾತಿಗೆ ಮೊದಲು ‘ಅದರ ತಲೆಕಟ್ಟು ನೋಡಿ’ ಎನ್ನುವುದು ಅವಳ ಅಭ್ಯಾಸ. ಯಾರಾದರೂ ಎದುರಿಗೆ ಬಂದು ಕಷ್ಟ ಹೇಳಿಕೊಳ್ಳುತ್ತಿದ್ದರೂ ಅವರ ಕೈಚೀಲದ ಮೇಲಿನ ಅಂಗಡಿಯ ಹೆಸರನ್ನೇ ದಿಟ್ಟಿಸುತ್ತಿದ್ದಳು.

ನಮ್ಮ ಬೀದಿಯ ಮಂಚಯ್ಯ ತೀರಿಕೊಂಡಾಗ ವೃತ್ತದಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ರಜೆಗೆ ಬಂದಿದ್ದ ಭೂಮಿಕ ತಾಯಿಯ ಜೊತೆ ಸಂತೆಗೆ ಹೋಗುತ್ತಿದ್ದವಳು ಅಲ್ಲಿ ನಿಂತುಬಿಟ್ಟಳು.

‘ಶ್ರದ್ಧಾಂಜಲಿ ಅಂತ ಬರೆದಿರೋದು ನೋಡವ್ವ. ಒತ್ತಕ್ಷರಕ್ಕೆ ಉಸಿರಾಡೋಕೆ ಜಾಗ ಇಲ್ಲ.’

ಅವಳ ತಾಯಿ ಸುಬ್ಬಮ್ಮ ಹೇಳಿದಳು: ‘ಉಸ್ರು ನಿಂತೋಗಿರೋದು ಮಂಚಣ್ಣಂದು ಕಣಮ್ಮಿ. ಮ್ಯಾಲೆ ಪಟ ಅದೆ ನೋಡು.’

‘ಮಂಚಣ್ಣನಾ? ಯಾವಾಗ?’

ಆ ಮಂಚಯ್ಯನ ಹೆಗಲ ಮೇಲೆ ಕೂತು ಅವಳು ಅಂಗನವಾಡಿಗೆ ಹೋಗುತ್ತಿದ್ದಳು. ಈ ಕಥೆಯನ್ನು ಸುಬ್ಬಮ್ಮ ಬೀದಿಯಲ್ಲೆಲ್ಲ ಹೇಳಿ ನಗಿಸಿದಳು, ನಾವೂ ನಕ್ಕೆವು, ಭೂಮಿಕಳೂ ನಕ್ಕಳು. ಅದು ನಗುವ ಸಂಗತಿಯಲ್ಲವೆಂದು ಆಗ ಯಾರಿಗೂ ಅನ್ನಿಸಲಿಲ್ಲ.

ಓದು ಮುಗಿಸುವ ವರ್ಷ ಅವಳ ತರಗತಿಯ ಮಕ್ಕಳೆಲ್ಲ ತಮ್ಮ ತಮ್ಮ ಕೆಲಸವನ್ನು ಪ್ರದರ್ಶನಕ್ಕಿಡಬೇಕಾಗಿತ್ತು. ಭೂಮಿಕ ಆರಿಸಿಕೊಂಡದ್ದು ಅವಳ ತಾತ ಕಾಳಾಚಾರಿಯ ಕೈಬರಹವನ್ನು. ನಮ್ಮ ಕಡೆ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರನ್ನು, ಮನೆಗೆ ಕೊಂಡ ಪಾತ್ರೆಯ ಮೇಲೆ ಮನೆಯವರ ಹೆಸರನ್ನು ಹಾಕಿಸುವುದು ವಾಡಿಕೆ. ಇಲ್ಲದಿದ್ದರೆ ಹತ್ತು ಮನೆಯ ಪಾತ್ರೆ ಸೇರಿಸಿ ಊಟ ಬಡಿಸಿದ ಮೇಲೆ ಯಾವುದು ಯಾರದೆಂದು ಹೇಳುವವರಾರು? ಕಾಳಾಚಾರಿ ನಾಗಮಂಗಲದ ಪಾತ್ರೆ ಅಂಗಡಿಯ ಮುಂದೆ ಗೋಣಿತಾಟು ಹಾಸಿಕೊಂಡು, ಸಣ್ಣ ಉಳಿ ಸಣ್ಣ ಸುತ್ತಿಗೆ ಹಿಡಿದು, ಚುಕ್ಕಿಯ ಪಕ್ಕ ಚುಕ್ಕಿ ಕುಟ್ಟಿ ಹೆಸರು ಹಾಕುತ್ತಿದ್ದ. ಅವನ ಅಕ್ಷರಗಳು ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಒಂದೇ ಕಡೆಗೆ ವಾಲಿಕೊಂಡಿರುತ್ತಿದ್ದವು. ಪಾಂಡವಪುರದಿಂದ, ಕೆ.ಆರ್.ಪೇಟೆಯಿಂದ ಮದುವೆ ಪಾತ್ರೆಗೆ ಬಂದವರೆಲ್ಲ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಸರು ಹಾಕಿಸಿಕೊಂಡೇ ಹೋಗುತ್ತಿದ್ದರು. ಆ ವಾಲಿದ ಅಕ್ಷರಗಳನ್ನೆಲ್ಲ ಒಟ್ಟುಗೂಡಿಸಿ, ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಒತ್ತಿ ಬರೆಯಬಹುದಾದಂಥ ಫಾಂಟು ಮಾಡಿ, ಸತ್ತ ತಾತನನ್ನು ಬದುಕಿಸಿಕೊಳ್ಳಬೇಕೆಂಬುದು ಅವಳ ಆಸೆ. ಆಸೆಯೇನೋ ದೊಡ್ಡದೇ.

ಅದಕ್ಕಾಗಿ ಅವಳು ಮನೆಮನೆ ಅಲೆದಳು. ಪಾತ್ರೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿದರೆ, ನಾವು ಚಿಕ್ಕಂದಿನಲ್ಲಿ ನಾಣ್ಯದ ಅಚ್ಚು ತೆಗೆಯುತ್ತಿದ್ದ ಹಾಗೆ, ಚುಕ್ಕಿಯ ಅಕ್ಷರಗಳು ಒಂದೊಂದಾಗಿ ಮೇಲೆದ್ದು ಬರುತ್ತಿದ್ದವು. ಪಾಂಡವಪುರದಲ್ಲಿ ಒಬ್ಬ ಮುದುಕಿ ಬಾಗಿಲಲ್ಲೇ ತಡೆದು ಕೇಳಿದಳಂತೆ: ‘ಅಳೇ ಪಾತ್ರೆ ತಗಳೋಳೇನವ್ವ ನೀನು?’

‘ಇಲ್ಲ ಅಜ್ಜಿ, ಬರೀ ಹೆಸರು ತಗೊಂಡು ಹೋಗೋಳು.’

‘ಎಸ್ರು ನೀನು ತಕ್ಕೊಂಡೋಗ್ಬುಟ್ರೆ ನನ್ ಪಾತ್ರೆ ಯಾರ್ದಾಯ್ತದೆ?’

ದಿನಬಳಕೆಯ ಅಕ್ಷರವೆಲ್ಲ ಸಿಕ್ಕಿತು, ಘಕಾರವೊಂದು ಸಿಕ್ಕಲಿಲ್ಲ. ಚೌಡಯ್ಯ, ಮಾದಮ್ಮ, ಚಿಕ್ಕಮಾದಯ್ಯ ಎಂಬ ಹೆಸರುಗಳ ಸೀಮೆಯಲ್ಲಿ ಘಕಾರಕ್ಕೆ ಅನ್ನ ಹುಟ್ಟುವುದು ಕಷ್ಟ. ‘ಉಳಿದ ಅಕ್ಷರ ನೋಡಿಕೊಂಡು ಅದೊಂದನ್ನು ನೀನೇ ಬರೆದುಬಿಡಮ್ಮ, ಯಾರಿಗೆ ತಿಳಿಯುತ್ತೆ’ ಎಂದರು ಅವಳ ಮೇಷ್ಟ್ರು ಮಹದೇವಸ್ವಾಮಿ. ಅವಳು ಒಪ್ಪಲಿಲ್ಲ. ತಾತನ ಕೈಯದೇ ಆಗಬೇಕು. ‘ಹಾಗಾದರೆ ಘ ಇಲ್ಲದೆ ಸಂಘ ಅಂತ ಹೇಗೆ ಬರೀತೀಯ? ನಮ್ಮ ಜಿಲ್ಲೆಯಲ್ಲಿ ಸಂಘ ಇಲ್ಲದ ಬೋರ್ಡುಂಟಾ?’ ಎಂದು ಮೇಷ್ಟ್ರು ನಕ್ಕರು. ಅವಳು ನಗಲಿಲ್ಲ. ಹಟವೆಂದರೆ ಹಟ.

ಆ ಘಕಾರ ಸಿಕ್ಕಿದ್ದು ಶೀಳನೆರೆಯಲ್ಲಿ. ಅದು ಸುಬ್ಬಮ್ಮನ ತವರು. ಪಕ್ಕದ ಮನೆ ಮಾದಮ್ಮನದು. ಮಾದಮ್ಮನೂ ಅವಳ ಮಗಳು ಯಶೋಧರಾಳೂ ಇಬ್ಬರೇ ಇರುವ ಮನೆ. ಮಗಳು ಕೆ.ಆರ್.ಎಸ್.ನ ನೀರಾವರಿ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ, ಮದುವೆಯಾಗಿಲ್ಲ. ಭೂಮಿಕ ಹೋದಾಗ ಯಶೋಧರಾ ಕಚೇರಿಗೆ ಹೋಗಿದ್ದಳು. ‘ನಮ್ ಸುಬ್ಬಿ ಮಗ್ಳು ಬಂದವ್ಳೆ’ ಎಂದು ಹಿಗ್ಗಿ ಮಾದಮ್ಮ ಕಾಫಿಗೆ ಹಾಲು ತರಲು ಹಿತ್ತಿಲಿಗೆ ಹೋದಳು. ಅಡುಗೆಮನೆಯ ಹಲಗೆಯ ಮೇಲೆ ಬೆಳಗಿಟ್ಟ ಪಾತ್ರೆಗಳೆಲ್ಲ ಹೆಸರು ತೋರಿಸಿಕೊಂಡು ನಿಂತಿದ್ದರೆ, ಮೂಲೆಯಲ್ಲಿ ಕೆಲವು ಸ್ಟೀಲ್ ಡಬ್ಬಿಗಳು ಮಾತ್ರ ಗೋಡೆಯ ಕಡೆಗೆ ಮುಖ ಮಾಡಿದ್ದವು. ಒಂದನ್ನು ತಿರುಗಿಸಿದಳು. ತಾತನ ಕೈ. ವಾಲಿದ ಅಕ್ಷರಗಳ ನಡುವೆ ‘ಘು’ ಕೂತಿತ್ತು. ಕೊಂಬು ತೆಗೆದರೆ ಘಕಾರ. ಕಾಗದವಿಟ್ಟು ಉಜ್ಜಿಕೊಂಡಳು, ಡಬ್ಬಿಯನ್ನು ಹಲಗೆಗೆ ಸೇರಿಸಿದಳು, ಮಾದಮ್ಮ ತಂದ ಕಾಫಿ ಕುಡಿದು, ಕಾಲುಮುಟ್ಟಿ ನಮಸ್ಕರಿಸಿ, ಕುಣಿಯುತ್ತ ಬಸ್ಸು ಹತ್ತಿದಳು. ಡಬ್ಬಿಯನ್ನು ಯಾವ ಕಡೆ ಮುಖ ಮಾಡಿಟ್ಟಳೆಂಬುದು ಅವಳಿಗೆ ನೆನಪಿಲ್ಲ.

ಆಮೇಲೆ ಅದೆಷ್ಟು ದಿನ ಆ ಸಾಲನ್ನು ಕಂಪ್ಯೂಟರಿನ ಪರದೆಯ ಮೇಲಿಟ್ಟುಕೊಂಡು ಚುಕ್ಕಿ ಚುಕ್ಕಿಯನ್ನು ತಿದ್ದಿದಳೋ. ಕೆಳಗಿದ್ದ ಒಂದು ಸಣ್ಣ ಸಾಲು ಅಂದಕ್ಕೆ ಅಡ್ಡಿಯೆಂದು ಅಳಿಸಿಹಾಕಿದಳು. ಉಳಿದ ಮೇಲಿನ ಸಾಲನ್ನು ಬಿಳಿಯ ಬಟ್ಟೆಯ ಮೇಲೆ ಬಾಗಿಲಿಗಿಂತ ಅಗಲವಾಗಿ ಅಚ್ಚು ಹಾಕಿಸಿದಳು. ಅದೇ ಅವಳ ಪ್ರದರ್ಶನದ ಕಿರೀಟವಾಗಬೇಕಿತ್ತು.

ಪ್ರದರ್ಶನಕ್ಕೆ ಮಕ್ಕಳು ಹಿಡಿದ ಜಾಗ ಶ್ರೀರಂಗಪಟ್ಟಣದ ಒಂದು ಮದುವೆ ಛತ್ರ. ಆಷಾಢದಲ್ಲಿ ಛತ್ರಗಳು ಬಿಕೋ ಎನ್ನುತ್ತವೆ, ಅಗ್ಗಕ್ಕೆ ಸಿಗುತ್ತವೆ. ದೊಡ್ಡ ಗೋಡೆಯೆಂದರೆ ಮಂಟಪದ ಹಿಂದಿನದೇ. ಅಲ್ಲಿ ಹೆಣ್ಣುಗಂಡಿನ ಹೆಸರು ತೂಗುಹಾಕುವ ಮೊಳೆಗಳು ಇದ್ದೇ ಇದ್ದವು. ಭೂಮಿಕ ಆ ಮೊಳೆಗಳಿಗೇ ತನ್ನ ಬಟ್ಟೆಯನ್ನು ಸಿಕ್ಕಿಸಿ, ದೂರ ನಿಂತು, ಕಣ್ಣು ಕಿರಿದು ಮಾಡಿ, ಸಮವಾಗಿದೆಯೆಂದು ತೃಪ್ತಿಪಟ್ಟಳು. ಪಾತ್ರೆ ತೋರಿಸಿದ ಮನೆಯವರನ್ನೆಲ್ಲ ಫೋನು ಮಾಡಿ ಕರೆದಿದ್ದಳು. ಅಂದು ಖಾಕಿ ಅಂಗಿ ಬಿಟ್ಟು ಹೊಸ ಚೂಡಿದಾರ, ಹಸಿರು ವೇಲು.

ಬೆಳಗ್ಗೆ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಕೆ.ಆರ್.ಪೇಟೆಯಿಂದ ಇಬ್ಬರು ಹೆಂಗಸರು ಬಂದರು. ಒಬ್ಬಳು ಹೊಸಿಲಲ್ಲೇ ನಿಂತು ಮಂಟಪದ ಕಡೆ ನೋಡಿದಳು.

‘ಆಸಾಡ್ದಲ್ಲಿ ಯಾರ್ದೆ ಮದ್ವೆ ಇದು?’

ಭೂಮಿಕ ನಕ್ಕಳು. ಇನ್ನೊಬ್ಬಳು ಕೂಡಿಸಿ ಕೂಡಿಸಿ ಓದಿದಳು: ‘ಯ-ಶೋ-ಧ-ರಾ... ರ-ಘು-ನಂದನ್. ಅಲ್ಲ ಕಣೆ, ಇದು ಶೀಳ್ನೆರೆ ಮಾದಮ್ಮನ ಮಗ್ಳದಲ್ವಾ? ಚಪ್ರ ಆಕಾದ್ಮ್ಯಾಲೆ ನಿಂತೋಯ್ತಲ್ಲ, ಆ ಮದ್ವೆ.’

‘ಈಗ ಮಾಡ್ಕತಾವ್ರಾ ಮತ್ತೆ?’

‘ಅವ್ನೆಲ್ಲಿ ಮಾಡ್ಕತಾನೆ? ಅವ್ನ್ ಮಕ್ಳು ಆಗ್ಲೇ ಇಸ್ಕೂಲ್ಗೋಯ್ತವೆ.’

ಭೂಮಿಕ ತಿರುಗಿ, ತಾನು ತಿಂಗಳುಗಟ್ಟಲೆ ತಿದ್ದಿದ ಆ ಸಾಲನ್ನು ಮೊದಲ ಸಲ ಓದಿದಳು. ಅಳಿಸಿಹಾಕಿದ ಕೆಳಗಿನ ಸಾಲು ‘ಮದುವೆಯ ನೆನಪಿಗೆ’ ಎಂದಿತ್ತೆಂಬುದು ಆಗ ನೆನಪಾಯಿತು. ಚಿಕ್ಕವಳಿದ್ದಾಗ ಹೊಸ ಲಂಗ ಹಾಕಿಕೊಂಡು ಶೀಳನೆರೆಯ ಮದುವೆಗೆ ಹೋದದ್ದು, ಕಟ್ಟಿದ್ದ ಚಪ್ಪರವನ್ನು ಗಂಡಸರು ಮಾತಿಲ್ಲದೆ ಬಿಚ್ಚುತ್ತಿದ್ದದ್ದು, ಲಾಡು ಸಿಕ್ಕಲಿಲ್ಲವೆಂದು ತಾನು ಅತ್ತದ್ದು, ಎಲ್ಲವೂ. ಗಂಡಿನ ಕಡೆಯವರು ಯಾಕೆ ಬರಲಿಲ್ಲವೆಂದು ಮಾದಮ್ಮನನ್ನು ಯಾರೂ ಕೇಳಲಿಲ್ಲ, ಎಲ್ಲರೂ ಊಹಿಸಿದರು. ಬಂದವರಿಗೆ ಕೊಡಲೆಂದು ಹೆಸರು ಹಾಕಿಸಿದ್ದ ಡಬ್ಬಿಗಳು ಮನೆಯಲ್ಲೇ ಉಳಿದಿದ್ದವು.

ಕಿತ್ತುಹಾಕೋಣವೆಂದು ಮಂಟಪ ಹತ್ತಿದಳು. ಮೊಳೆ ಕೈಗೆ ಎಟುಕಲಿಲ್ಲ. ಕುರ್ಚಿಗೆಂದು ತಿರುಗಿದರೆ ಬಾಗಿಲಲ್ಲಿ ಯಶೋಧರಾ. ಕಚೇರಿಗೆ ಅರ್ಧ ದಿನ ರಜೆ ಹಾಕಿ, ಕೆ.ಆರ್.ಎಸ್. ಬಸ್ಸಿನಲ್ಲಿ ಬಂದಿದ್ದಳು, ನೀಲಿ ಸೀರೆ, ಹೆಗಲಲ್ಲಿ ಚೀಲ. ಭೂಮಿಕ ಬಟ್ಟೆಗೆ ಬೆನ್ನು ಕೊಟ್ಟು, ವೇಲನ್ನು ಎರಡೂ ಕೈಯಲ್ಲಿ ಹರಡಿ ನಿಂತಳು. ಬಾಗಿಲಿಗಿಂತ ಅಗಲದ ಬರಹವನ್ನು ಒಂದು ಹುಡುಗಿಯ ಬೆನ್ನು ಎಷ್ಟು ಮರೆಮಾಡೀತು? ಒಂದು ಕಡೆ ‘ಯಶೋಧರಾ’ ಪೂರ್ತಿ ಕಾಣುತ್ತಿತ್ತು, ಇನ್ನೊಂದು ಕಡೆ ‘ನಂದನ್’. ಊರೂರು ತಿರುಗಿ ಹುಡುಕಿದ ಘಕಾರವೊಂದೇ ಅವಳ ಬೆನ್ನ ಹಿಂದೆ ಅಡಗಿತ್ತು.

‘ಪಕ್ಕಕ್ಕೆ ಬಾ ಭೂಮಿಕಾ,’ ಎಂದಳು ಯಶೋಧರಾ. ‘ನೋಡೋಕೆ ಅಂತ್ಲೇ ಬಂದಿವ್ನಿ.’

ಭೂಮಿಕ ಸರಿದಳು. ಯಶೋಧರಾ ಬಹಳ ಹೊತ್ತು ನೋಡಿದಳು. ಆ ಇಬ್ಬರು ಹೆಂಗಸರು ಇನ್ನೊಂದು ಗೋಡೆಯ ಚಿತ್ರ ನೋಡುವವರ ಹಾಗೆ ಕತ್ತು ತಿರುಗಿಸಿ ಕಿವಿ ಇಲ್ಲೇ ಬಿಟ್ಟಿದ್ದರು.

‘ಅಕ್ಷರ ಚೆನ್ನಾಗವೆ. ನಿಮ್ಮ ತಾತ ಕುಟ್ಟೋವಾಗ ನಾನೂ ಎದುರಿಗೆ ಕೂತಿದ್ದೆ. ನನ್ನ ಹೆಸರಿಗೆ ಜಾಸ್ತಿ ಹೊತ್ತು ತಗೊಂಡ್ರು.’ ಆಮೇಲೆ ಕೇಳಿದಳು: ‘ನೀನು ಓದ್ಲಿಲ್ವಾ?’

‘ಇಲ್ಲಕ್ಕ.’

ಅದು ನಿಜವೇ ಆಗಿತ್ತು. ಸುಳ್ಳಾಗಿದ್ದರೆ ಚೆನ್ನಾಗಿತ್ತೆಂದು ಹೇಳುವಾಗಲೇ ಅವಳಿಗೆ ಅನ್ನಿಸಿತಂತೆ. ಬೇಕೆಂದೇ ಮಾಡಿದವರನ್ನು ಬೈಯಬಹುದು. ಹೆಸರನ್ನು ಇಷ್ಟು ದಿನ ಕಣ್ಣಮುಂದಿಟ್ಟುಕೊಂಡು ಹೆಸರಿನೊಳಗಿನ ಮನುಷ್ಯಳನ್ನು ಕಾಣದವಳಿಗೆ ಏನು ಹೇಳುವುದು?

‘ಆ ಡಬ್ಬಿ ಗೋಡೆ ಕಡೆ ತಿರುಗಿತ್ತಲ್ಲ. ನೀನು ಬಂದೋದ ದಿವ್ಸ ಸಾಯಂಕಾಲ ಮನೆಗೆ ಬರ್ತೀನಿ, ಈಚೆ ಕಡೆ ಮುಖ ಮಾಡ್ಕೊಂಡು ಕೂತದೆ. ಅವ್ವನೇ ತಿರುಗಿಸಿಟ್ಟವ್ಳೆ ಅಂತ ಬಾಯಿಗೆ ಬಂದಂಗೆ ಅಂದ್ಬುಟ್ಟೆ. ಅವ್ಳು ನಾನಲ್ಲ ಕಣವ್ವ, ನಾನಲ್ಲ ಕಣವ್ವ ಅಂತ ಅತ್ಲು. ನಾನು ನಂಬ್ಲಿಲ್ಲ. ಇವತ್ತು ಗೊತ್ತಾಯ್ತು.’

‘ತೆಗೆದ್ಬಿಡ್ತೀನಕ್ಕ. ಈಗ್ಲೇ ತೆಗೀತೀನಿ.’

‘ಓದೋರೆಲ್ಲ ಓದಾಯ್ತಲ್ಲ. ತಗಿ, ಬುಡು, ನಿನ್ನಿಷ್ಟ.’ ಯಶೋಧರಾ ಗಡಿಯಾರ ನೋಡಿಕೊಂಡಳು. ‘ಅವ್ವನ್ನ ಬೈದಿದ್ದಕ್ಕೆ ಹೋಗಿ ಏನಾದ್ರೂ ಹೇಳ್ಬೇಕು. ಬಸ್ಸಿಗೆ ಹೊತ್ತಾಯ್ತು.’

ಅವಳು ಹೋದ ಮೇಲೆ ಭೂಮಿಕ ಕುರ್ಚಿ ಹಾಕಿ ಬಟ್ಟೆಯನ್ನಿಳಿಸಿದಳು. ಮಹದೇವಸ್ವಾಮಿ ಮೇಷ್ಟ್ರು ಒಳ್ಳೆಯ ಮಾತನ್ನೇ ಹೇಳಿದರು: ‘ಪೂರ್ತಿ ಯಾಕೆ ತೆಗೀತೀಯಮ್ಮ? ಘ ಒಂದನ್ನು ಕತ್ತರಿಸಿಕೋ. ಒಂದು ಅಕ್ಷರದಲ್ಲಿ ಯಾರ ಗುಟ್ಟೂ ಇರಲ್ಲ.’ ಅವಳು ಕತ್ತರಿಸಲಿಲ್ಲ. ಮೇಜಿನ ಮೇಲಿಟ್ಟಿದ್ದ ವರ್ಣಮಾಲೆಯ ಹಾಳೆಯಿಂದಲೂ ಘಕಾರವನ್ನು ತೆಗೆದಳು. ಗಕಾರದ ಪಕ್ಕ ಖಾಲಿ ಚೌಕ, ಮಂಟಪದ ಗೋಡೆಯಲ್ಲಿ ಬರೀ ಮೊಳೆ. ಬಂದವರು ಇದೇಕೆ ಹೀಗೆಂದು ಕೇಳಿದರೆ ಮುಂದಿನ ಹಾಳೆ ತೋರಿಸುತ್ತಿದ್ದಳು. ಅಪೂರ್ಣ ಕೆಲಸವೆಂದು ಪರೀಕ್ಷಕರು ಬರೆದುಕೊಂಡು ಹೋದರು.

ಆಮೇಲೊಂದು ದಿನ ಶೀಳನೆರೆಗೆ ಹೋದಳು. ಡಬ್ಬಿಗಳು ಹಲಗೆಯ ಮೇಲೆ ಇರಲಿಲ್ಲ. ಎಲ್ಲಿ ಎಂದು ಕೇಳುವ ಧೈರ್ಯವಿರಲಿಲ್ಲ. ಮಾದಮ್ಮ ಮೊದಲಿನಂತೆಯೇ ಕಾಫಿ ಕಾಯಿಸಿದಳು.

‘ತಪ್ಪಾಯ್ತಜ್ಜಿ.’

‘ನನ್ ಮಗ್ಳೂ ಅಂಗೇ ಅಂದ್ಲು. ಇಬ್ರೂ ಕೂತ್ಕಂಡು ಅತ್ವಿ, ಆಯ್ತು ಬುಡು.’ ಮಾದಮ್ಮ ಲೋಟ ಮುಂದಿಟ್ಟಳು. ‘ನಂಗೆ ಓದಾಕೇ ಬರಕಿಲ್ಲ ಕಣವ್ವ. ಆದ್ರೂ ಆ ಡಬ್ಬಿ ಮ್ಯಾಲೆ ಏನ್ ಬರ್ದವ್ರೆ ಅಂತ ದಿನಾ ಗೊತ್ತಾಯ್ತಿತ್ತು. ನಿಂಗೆ ಓದಾಕೆ ಬತ್ತದೆ. ಅದೆಂಗೆ ಗೊತ್ತಾಗ್ನಿಲ್ಲ?’

ಅವಳು ಗದರಿಸಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು.

ಖಾಕಿ ಅಂಗಿ ಈಗಲೂ ಇದೆ, ಕತ್ತು ಈಗಲೂ ಬೋರ್ಡುಗಳ ಕಡೆಗೇ ತಿರುಗುತ್ತದೆ. ಆದರೆ ವೃತ್ತದಲ್ಲಿ ಅವಳು ನಿಂತಾಗ ಗಮನಿಸಿದರೆ ತುಟಿ ಅಲುಗುವುದು ಕಾಣುತ್ತದೆ. ನಮ್ಮ ಬೀದಿಯ ಮುದುಕಿಯರಂತೆ ಅಕ್ಷರಕ್ಕೆ ಅಕ್ಷರ ಕೂಡಿಸಿ, ಕೊನೆಯ ಸಣ್ಣ ಸಾಲಿನವರೆಗೆ ಓದುತ್ತಾಳೆ. ತಲೆಕಟ್ಟಿನ ಮಾತು ಆಮೇಲೆ, ಒಮ್ಮೊಮ್ಮೆ ಬರುವುದೇ ಇಲ್ಲ.

ಚೆಂದವನ್ನು ಅರಸುವವರ ಕುಲವೇ ಹೀಗೆಂದು ತೋರುತ್ತದೆ. ಕೇಡು ಬಗೆದವರಲ್ಲ, ಕದಿಯಲು ಬಂದವರೂ ಅಲ್ಲ. ಅವರ ಕಣ್ಣು ಮುಂದೆ ಓಡುತ್ತದೆ, ಮನಸ್ಸು ಏದುಸಿರು ಬಿಡುತ್ತ ಹಿಂದಿನಿಂದ ಬರುತ್ತದೆ, ಬಂದು ಸೇರುವಷ್ಟರಲ್ಲಿ ಯಾರದೋ ಮನೆಯ ಹಲಗೆಯ ಮೇಲೆ ಒಂದು ಡಬ್ಬಿ ತಿರುಗಿಬಿಟ್ಟಿರುತ್ತದೆ. ಅಂಥವರಿಗೆ ನೋಡಬೇಡಿ ಎನ್ನಲಾಗದು. ನೋಡುವವರಿಲ್ಲದಿದ್ದರೆ ಕಾಳಾಚಾರಿಯಂಥವರ ಕೈ ಮಣ್ಣಿಗೇ ಹೋಗುತ್ತದೆ. ಮುಟ್ಟಿದ್ದನ್ನು ಅದು ಮೊದಲು ಯಾವ ಕಡೆಗೆ ಮುಖ ಮಾಡಿತ್ತೋ ಆ ಕಡೆಗೇ ಮಾಡಿಟ್ಟು ಬನ್ನಿ ಎಂದಷ್ಟೇ ಹೇಳಬಹುದು. ಆದರೆ ಆ ಮಾತು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಒಮ್ಮೆ ನಾಲ್ಕು ಜನರ ಕಣ್ಣೆದುರು ವೇಲು ಹರಡಿ ನಿಂತು, ತನ್ನ ಬೆನ್ನು ಸಾಲದೆಂದು ಕಂಡವರಿಗೆ ಮಾತ್ರ ತಿಳಿಯುತ್ತದೆ.