ತಮ್ಮ ತಿದ್ದಿದ ಒಂದೇ ಫೈಲು

"ನನ್ನ ತಮ್ಮ ಸರ್, ಅವನಿಗೆ ನಾನೇ ಜಾಮೀನು" ಎಂದು ಅಕ್ಕ ಮ್ಯಾನೇಜರಿಗೆ ಮಾತು ಕೊಟ್ಟಿದ್ದಳು. ತಾನೇ ಹಗಲಿರುಳು ಕೂತು ಬರೆದೆನೆಂದು ತಮ್ಮ ತಂದ ಸಾಫ್ಟ್‌ವೇರನ್ನು ಅವಳ ಕಂಪನಿ ಕೊಳ್ಳುವ ಮೊದಲು, ಅವಳು ಅದರ ಫೈಲುಗಳ ಹ್ಯಾಶ್‌ಗಳನ್ನು ಬೇರೆಯವರು ಬರೆದು ಈಗಾಗಲೇ ಬಳಕೆಯಲ್ಲಿರುವ ಸಾಫ್ಟ್‌ವೇರ್ ಪ್ಯಾಕೇಜುಗಳ ಹ್ಯಾಶ್‌ಗಳೊಂದಿಗೆ ಹೋಲಿಸುವುದಷ್ಟೇ ಬಾಕಿ ಇತ್ತು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಒಂದು ಅಲ್ಪವಿರಾಮ ಬದಲಾದರೂ ಅದು ಬೇರೆಯಾಗುತ್ತದೆ.

ಫೈಲುಗಳು ಸಾಲಾಗಿ ಒಂದೇ ಪ್ಯಾಕೇಜಿನೊಂದಿಗೆ ಹೊಂದುತ್ತಾ ಹೋದವು. ಯಾರೋ ಬರೆದು ಪುಕ್ಕಟೆ ಹಂಚಿದ್ದ ಹಳೇ ಪ್ಯಾಕೇಜು ಅದು. ಹೊಂದದೆ ಉಳಿದದ್ದು ಒಂದೇ ಫೈಲು. ಇದಾದರೂ ಅವನ ದುಡಿಮೆಯಾಗಿರಲಿ ಎಂದು ತೆರೆದಳು. ಬರೆದವರ ಹೆಸರುಗಳಿದ್ದ ಫೈಲು. ಅವನ್ನೆಲ್ಲ ಅಳಿಸಿ ತಮ್ಮ ತನ್ನ ಹೆಸರು ಹಾಕಿಕೊಂಡಿದ್ದ.

ತಕ್ಷಣ ಫೋನ್ ಮಾಡಿದಳು. "ಏನೋ ಇದು?"

"ಅಯ್ಯೋ ಅಕ್ಕಾ, ಎಲ್ರೂ ಮಾಡೋದೇ ಇದು. ಚೆಕ್ ಮಾಡೋಳು ನೀನೇ ಅಂತ ತಾನೆ ನಿಮ್ಮ ಕಂಪನಿಗೇ ತಂದಿದ್ದು?"

ಕಳ್ಳತನಕ್ಕಿಂತ ಆ ಮಾತು ಆಳಕ್ಕೆ ಇರಿಯಿತು.

"ಹಾಗಾದ್ರೆ ನಿನ್ನ ಬಂಡವಾಳ ನಾನೇ ಅನ್ನು."

"ಅಕ್ಕಾ, ಅಕ್ಕಾ" ಎನ್ನುತ್ತಲೇ ಇದ್ದ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ಅವಳು ಎದ್ದು ಹೋಗಿ ಮ್ಯಾನೇಜರ ಬಾಗಿಲು ತಟ್ಟಿದಳು.